ಕೊಳವೆಬಾವಿಯ ಆಳದಿಂದ ಬಂದ ವಿಚಿತ್ರ ಸದ್ದು ಭೂಮಿಯದೋ, ಕೇಬಲ್‌ನದೋ? ವಿಜ್ಞಾನಿಗಳು ಪತ್ತೆಹಚ್ಚುವುದು ಹೀಗೆ

‘ರಷ್ಯಾದ ವಿಜ್ಞಾನಿಗಳು ಭೂಮಿಯೊಳಗೆ 14 ಕಿಲೋಮೀಟರ್ ಆಳದ ರಂಧ್ರ ಕೊರೆದರು. ಒಳಗೆ ಮೈಕ್ ಇಳಿಬಿಟ್ಟಾಗ ಸಾವಿರಾರು ಜನ ನರಳುವ, ಕಿರುಚುವ ಸದ್ದು ಕೇಳಿಸಿತು. ಅದು ನರಕದ ಸದ್ದು! ಎಲ್ಲರಿಗೂ ಕಳುಹಿಸಿ.’

ಇಂಥದ್ದೊಂದು ಸಂದೇಶ, ಜೊತೆಗೆ ಮೈ ಜುಮ್ಮೆನ್ನಿಸುವ ಒಂದು ಆಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಮೊದಲೇ ಹೇಳಿಬಿಡೋಣ, ಇದು ಸುಳ್ಳು. ಈ ಕಥೆ ವಾಟ್ಸಾಪ್‌ಗಿಂತ ಹಳೆಯದು. 1989-90ರ ಸುಮಾರಿಗೆ ಅಮೆರಿಕದ ಧಾರ್ಮಿಕ ಟಿವಿ ವಾಹಿನಿಯೊಂದರ ಮೂಲಕ ಹಬ್ಬಿತು. ಆಮೇಲೆ ಅದಕ್ಕೆ ಅಂಟಿಕೊಂಡ ಆಡಿಯೋ, 1972ರ ‘ಬ್ಯಾರನ್ ಬ್ಲಡ್’ ಎಂಬ ಭಯಾನಕ ಚಿತ್ರದ ಸದ್ದನ್ನು ತಿರುಚಿ ಮಾಡಿದ್ದು ಎಂದು ಪರಿಶೀಲಿಸಿದವರು ಗುರುತಿಸಿದ್ದಾರೆ.

ರಷ್ಯಾದಲ್ಲಿ ಆಳವಾದ ರಂಧ್ರ ಕೊರೆದದ್ದು ಮಾತ್ರ ನಿಜ. ನಾರ್ವೆ ಗಡಿಗೆ ಹತ್ತಿರವಿರುವ ಕೋಲಾ ಎಂಬಲ್ಲಿ 1970ರಲ್ಲಿ ಕೊರೆಯಲು ಶುರುಮಾಡಿ, 1989ರಲ್ಲಿ 12,262 ಮೀಟರ್ ಆಳ ಮುಟ್ಟಿದರು. ಅಲ್ಲಿ ಸಿಕ್ಕ ಬಿಸಿ ಸುಮಾರು 180 ಡಿಗ್ರಿ ಸೆಲ್ಸಿಯಸ್. ಕಥೆಯಲ್ಲಿ ಅದು 1,100 ಡಿಗ್ರಿ ಆಗಿದೆ. ಅಷ್ಟು ಬಿಸಿಯಲ್ಲಿ ಮೈಕ್ ಹಾಗಿರಲಿ, ಅದರ ತಾಮ್ರದ ತಂತಿಯೇ ಕರಗಿ ಹೋಗುತ್ತದೆ!

ಹಾಗಾದರೆ ಭೂಮಿಯೊಳಗಿನ ಸದ್ದನ್ನು ಕೇಳಲು ಆಗುವುದೇ ಇಲ್ಲವೇ? ಖಂಡಿತ ಆಗುತ್ತದೆ. ಇವತ್ತು ಜಗತ್ತಿನ ಹಲವೆಡೆ ವಿಜ್ಞಾನಿಗಳು ಕಿಲೋಮೀಟರ್‌ಗಟ್ಟಲೆ ಆಳದ ಕೊಳವೆಬಾವಿಗಳಲ್ಲಿ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯನ್ನು ಇಳಿಸಿ ಭೂಮಿಯ ಕಂಪನ ಕೇಳುತ್ತಿದ್ದಾರೆ. ಅಲ್ಲಿಯೂ ಒಮ್ಮೊಮ್ಮೆ ವಿಚಿತ್ರ ಸದ್ದುಗಳು ದಾಖಲಾಗುತ್ತವೆ. ಆಗ ಅವರಿಗೆ ಮೊದಲು ಅನುಮಾನ ಬರುವುದು ಭೂಮಿಯ ಮೇಲಲ್ಲ, ತಾವೇ ಇಳಿಸಿದ ಕೇಬಲ್ ಮೇಲೆ. ಆ ಅನುಮಾನವನ್ನು ಹೇಗೆ ಬಗೆಹರಿಸಿಕೊಳ್ಳುತ್ತಾರೆ ಎನ್ನುವುದು ಯಾವ ನರಕದ ಕಥೆಗಿಂತಲೂ ಕುತೂಹಲಕರ.

ಗಾಜಿನ ಎಳೆ ಕಿವಿಯಾಗುವುದು ಹೇಗೆ?

ನಿಮ್ಮ ಮನೆಗೆ ಇಂಟರ್ನೆಟ್ ತರುವ ಫೈಬರ್ ಕೇಬಲ್‌ನಲ್ಲಿ ಇರುವುದೂ ಇದೇ ಬಗೆಯ ಗಾಜಿನ ಎಳೆ. ಅದರ ಒಂದು ತುದಿಯಿಂದ ಲೇಸರ್ ಬೆಳಕಿನ ಚಿಕ್ಕ ಮಿಂಚೊಂದನ್ನು ಒಳಗೆ ಬಿಟ್ಟರೆ ಅದು ಮುಂದಕ್ಕೆ ಓಡುತ್ತದೆ. ಗಾಜು ಎಷ್ಟೇ ಶುದ್ಧವಾಗಿದ್ದರೂ ಒಳಗೆ ಕಣ್ಣಿಗೆ ಕಾಣದ ಏರುಪೇರುಗಳು ಇದ್ದೇ ಇರುತ್ತವೆ. ಅವುಗಳಿಗೆ ತಾಗಿದ ಬೆಳಕಿನ ಅತಿ ಸಣ್ಣ ಪಾಲು ಹಿಂದಕ್ಕೆ ಚದುರಿ ಬರುತ್ತದೆ.

ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಹೊರಟ ಬೆಳಕು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಮರಳಿ ಬಂದರೆ, ಅದು 100 ಮೀಟರ್ ದೂರದಿಂದ ಬಂದಿದೆ ಎಂದರ್ಥ. ಅದರ ಎರಡರಷ್ಟು ಹೊತ್ತಾದರೆ 200 ಮೀಟರ್. ಹೀಗೆ ಮರಳುವ ಹೊತ್ತನ್ನು ಅಳೆದರೆ ಯಾವ ಬೆಳಕು ಎಷ್ಟು ಆಳದಿಂದ ಬಂತು ಎಂದು ಗೊತ್ತಾಗುತ್ತದೆ.

ಈಗ ಬಂಡೆ ನಡುಗಿತು ಎಂದುಕೊಳ್ಳಿ. ಬಂಡೆಯ ಜೊತೆಗೇ ಗಾಜಿನ ಎಳೆಯೂ ಆ ಜಾಗದಲ್ಲಿ ಅಷ್ಟಿಷ್ಟು ಹಿಗ್ಗಿ ಕುಗ್ಗುತ್ತದೆ. ಮರಳಿ ಬರುವ ಬೆಳಕಿನಲ್ಲಿ ಅದಕ್ಕೆ ತಕ್ಕ ಬದಲಾವಣೆ ಕಾಣುತ್ತದೆ. ಕೇಬಲ್‌ನ ಸುಮಾರು 10 ಮೀಟರ್ ಉದ್ದದ ಒಂದೊಂದು ತುಂಡು ಎಷ್ಟು ಹಿಗ್ಗಿತು ಎಂದು ಮೇಲಿರುವ ಯಂತ್ರ ಸೆಕೆಂಡಿಗೆ ಸಾವಿರಾರು ಸಲ ಲೆಕ್ಕ ಹಾಕುತ್ತದೆ. ಈ ಅಳತೆ ಎಷ್ಟು ಸೂಕ್ಷ್ಮವೆಂದರೆ, 1 ಕಿಲೋಮೀಟರ್ ಉದ್ದದ ವಸ್ತುವೊಂದು 1 ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಹಿಗ್ಗಿದರೆ ಆಗುವ ಪ್ರಮಾಣದ ಬದಲಾವಣೆಯೂ ಗೊತ್ತಾಗುತ್ತದೆ.

ಹೀಗಾಗಿ 4 ಕಿಲೋಮೀಟರ್ ಉದ್ದದ ಒಂದೇ ಕೇಬಲ್, ಸಾಲಾಗಿ ಇಟ್ಟ ನೂರಾರು ಕಂಪನಮಾಪಕಗಳ ಕೆಲಸ ಮಾಡುತ್ತದೆ. ಈ ತಂತ್ರಕ್ಕೆ ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್, ಚಿಕ್ಕದಾಗಿ ‘ಡಾಸ್’ ಎಂದು ಹೆಸರು.

ಎಲ್ಲವೂ ನಿಂತಿರುವುದು ‘ಹಿಡಿತ’ದ ಮೇಲೆ

ಮೇಲಿನ ಮಾತಿನಲ್ಲಿ ‘ಬಂಡೆಯ ಜೊತೆಗೇ ಗಾಜಿನ ಎಳೆಯೂ’ ಎಂದೆವಲ್ಲ, ಇಡೀ ತಂತ್ರದ ಗುಟ್ಟು ಇರುವುದೇ ಅಲ್ಲಿ. ಕೇಬಲ್ ಬಂಡೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಬಂಡೆಯ ಕಂಪನ ಅದಕ್ಕೆ ದಾಟುತ್ತದೆ. ತಜ್ಞರು ಇದಕ್ಕೆ ‘ಕಪ್ಲಿಂಗ್’ ಎನ್ನುತ್ತಾರೆ. ನಾವು ‘ಹಿಡಿತ’ ಎನ್ನೋಣ. ಡಾಕ್ಟರು ಸ್ಟೆತಸ್ಕೋಪನ್ನು ಎದೆಗೆ ಒತ್ತಿ ಹಿಡಿಯದೆ ಒಂದಿಂಚು ದೂರ ಹಿಡಿದರೆ ಏನು ಕೇಳಿಸೀತು? ಇಲ್ಲಿಯೂ ಅಷ್ಟೇ.

ನಮ್ಮೂರಿನಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊರೆದ ಮೇಲೆ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಆಮೇಲೆ ಅದರೊಳಗೆ ಮೋಟಾರು, ಪೈಪು, ಕೇಬಲ್. ವೈಜ್ಞಾನಿಕ ಅಳತೆಗೆಂದು ಕೊರೆಯುವ ಆಳದ ಬಾವಿಗಳಲ್ಲಿ ಕಬ್ಬಿಣದ ಕೇಸಿಂಗ್ ಬಲು ಉದ್ದ ಇರುತ್ತದೆ. ಅದಕ್ಕೂ ಬಂಡೆಗೂ ನಡುವಿನ ಸಂದಿಗೆ ಸಿಮೆಂಟು ತುಂಬುತ್ತಾರೆ. ಗಾಜಿನ ಎಳೆ ಇರುವ ಕೇಬಲ್ ಹಾಕಲು ಮೂರು ದಾರಿಗಳಿವೆ.

• ಕೇಸಿಂಗ್‌ನ ಹೊರಗೆ ಕಟ್ಟಿ, ಸಿಮೆಂಟಿನೊಳಗೆ ಹೂತುಬಿಡುವುದು. ಹಿಡಿತ ಎಲ್ಲಕ್ಕಿಂತ ಚೆನ್ನ. ಆದರೆ ಬಾವಿ ಕೊರೆಯುವಾಗಲೇ ಹಾಕಬೇಕು, ಮತ್ತೆ ಹೊರತೆಗೆಯಲು ಆಗುವುದಿಲ್ಲ. ಆಸ್ಟ್ರೇಲಿಯಾದ ಆಟ್ವೇ ಎಂಬಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೆಲದಾಳಕ್ಕೆ ತುಂಬುವ ಪ್ರಯೋಗದಲ್ಲಿ ಹೀಗೆ ಹೂತ ಕೇಬಲ್‌ಗಳನ್ನು ಬಳಸಿದ್ದಾರೆ.

• ಕೇಸಿಂಗ್‌ನ ಒಳಗಿನ ಪೈಪಿಗೆ ಕಟ್ಟಿ ಇಳಿಸುವುದು. ಹಿಡಿತ ಮಧ್ಯಮ.

• ಇರುವ ಬಾವಿಗೆ ಕೇಬಲನ್ನು ಸುಮ್ಮನೆ ಇಳಿಬಿಡುವುದು. ಖರ್ಚು ಕಡಿಮೆ, ಕೆಲಸ ಬೇಗ, ಹಳೆಯ ಬಾವಿಗಳಲ್ಲೂ ಆಗುತ್ತದೆ. ಹಿಡಿತದ ಸಮಸ್ಯೆ ಹೆಚ್ಚಾಗಿ ಬರುವುದು ಇಲ್ಲೇ. ಕೇಬಲ್ ಕೆಲವೆಡೆ ಗೋಡೆಗೆ ಒರಗಿರುತ್ತದೆ, ಕೆಲವೆಡೆ ನೀರಿನ ನಡುವೆ ತೇಲಾಡುತ್ತದೆ.

ಹಳೆಯ ಮಾದರಿಯ ಜಿಯೋಫೋನ್ ಎಂಬ ಕಂಪನಮಾಪಕಕ್ಕೆ ಒಂದು ತೋಳು ಇರುತ್ತದೆ. ಆಳದಲ್ಲಿ ಅದು ಬಿಚ್ಚಿಕೊಂಡು ಉಪಕರಣವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಕೇಬಲ್‌ಗೆ ಅಂಥ ತೋಳಿಲ್ಲ.

ಹಿಡಿತ ತಪ್ಪಿದರೆ ಏನಾಗುತ್ತದೆ? ಸರ್ಕಾರಿ ಬಸ್ಸಿನಲ್ಲಿ ಓಡಾಡಿದವರೆಲ್ಲ ಇದನ್ನು ಕೇಳಿದ್ದೀರಿ. ಎಂಜಿನ್ ಗುರುಗುಟ್ಟುವಾಗ ಇಡೀ ಬಸ್ಸು ಅದುರುತ್ತದೆ. ಬಿಗಿಯಾಗಿ ಕೂತ ಕಿಟಕಿ ಗಾಜು ಬಸ್ಸಿನ ಜೊತೆಗೇ ಅದುರುತ್ತದೆ, ಸದ್ದು ಮಾಡುವುದಿಲ್ಲ. ಸಡಿಲವಾದ ಗಾಜು ಮಾತ್ರ ತನ್ನದೇ ತಾಳದಲ್ಲಿ ಗಡಗಡ ಎನ್ನುತ್ತದೆ. ಆ ಗಡಗಡವನ್ನೇ ಕೇಳಿ ಎಂಜಿನ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ? ಸಡಿಲ ಕೇಬಲ್‌ನ ಸದ್ದನ್ನು ಭೂಮಿಯ ಸದ್ದು ಎಂದುಕೊಳ್ಳುವುದೂ ಹಾಗೆಯೇ.

ಹಿಡಿತ ತಪ್ಪಿದ್ದು ಗೊತ್ತಾಗುವುದು ಹೇಗೆ?

ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿದು ಕಣ್ಣಾರೆ ನೋಡಲು ಆಗದು. ಆದರೆ ದಾಖಲಾದ ಕಂಪನದಲ್ಲೇ ಸುಳಿವುಗಳಿರುತ್ತವೆ. ಇದಕ್ಕಾಗಿ ಮೇಲೆ ನೆಲದಲ್ಲಿ ಭಾರದ ಲಾರಿಯೊಂದನ್ನು ನಿಲ್ಲಿಸಿ, ಅದರ ಉಕ್ಕಿನ ತಟ್ಟೆಯಿಂದ ನೆಲವನ್ನು ಅದುರಿಸುತ್ತಾರೆ. ಆ ಅಲೆ ಕೆಳಗಿಳಿಯುತ್ತ ಕೇಬಲ್‌ನ ಒಂದೊಂದು ಭಾಗವನ್ನು ತಾಗುವುದನ್ನು ಚಿತ್ರವಾಗಿ ಮೂಡಿಸುತ್ತಾರೆ. ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ ಆಳ, ಎಡದಿಂದ ಬಲಕ್ಕೆ ಸಮಯ. ಹಿಡಿತ ಚೆನ್ನಾಗಿದ್ದರೆ ಅಲೆ ಒಂದು ಓರೆ ಗೆರೆಯಾಗಿ ಕಾಣುತ್ತದೆ. ಆಳ ಹೆಚ್ಚಿದಂತೆ ತಲುಪುವ ಸಮಯವೂ ಹೆಚ್ಚುತ್ತದೆ ಎಂದು ಆ ಗೆರೆಯ ಅರ್ಥ.

*ಸುಳಿವು 1: ಅಂಕುಡೊಂಕು ಗೆರೆ.* ಎರಡು ಕಡೆ ಗೋಡೆಗೆ ತಾಗಿ, ನಡುವೆ ತೂಗಾಡುವ ಕೇಬಲ್ ತುಂಡು ತಂಬೂರಿಯ ತಂತಿಯ ಹಾಗೆ. ಒಳಬಂದ ಅಲೆ ಆ ಎರಡು ತುದಿಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡುತ್ತಲೇ ಇರುತ್ತದೆ. ಚಿತ್ರದಲ್ಲಿ ಇದು ಅಂಕುಡೊಂಕಾದ ಗೆರೆಯಾಗಿ ಕಾಣುತ್ತದೆ, ಅಲೆ ದಾಟಿಹೋದ ಮೇಲೂ ನಿಲ್ಲುವುದಿಲ್ಲ. ಉದಾಹರಣೆಗೆ, ತೂಗಾಡುವ ತುಂಡು 100 ಮೀಟರ್ ಉದ್ದವಿದ್ದು, ಕೇಬಲ್‌ನಲ್ಲಿ ಅಲೆಯ ವೇಗ ಸೆಕೆಂಡಿಗೆ 4,000 ಮೀಟರ್ ಇದ್ದರೆ, ಹೋಗಿ ಬರಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಅಂದರೆ ಸೆಕೆಂಡಿಗೆ 20 ಸಲದ ಗುನುಗು. ಲಾರಿ ಹುಟ್ಟಿಸುವ ಕಂಪನವೂ ಹೆಚ್ಚುಕಡಿಮೆ ಇದೇ ಶ್ರೇಣಿಯಲ್ಲಿ ಇರುವುದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

*ಸುಳಿವು 2: ಲಾರಿ ಸರಿದರೂ ಗುನುಗು ಸರಿಯುವುದಿಲ್ಲ.* ಲಾರಿಯನ್ನು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ಅಳೆದಾಗ ಬಂಡೆಯ ಮೂಲಕ ಬರುವ ಅಲೆಯ ದಾರಿ ಬದಲಾಗುತ್ತದೆ, ತಲುಪುವ ಹೊತ್ತೂ ಬದಲಾಗುತ್ತದೆ. ಕೇಬಲ್‌ನ ಗುನುಗು ಮಾತ್ರ ಪ್ರತಿ ಸಲವೂ ಅದೇ ಆಳದಲ್ಲಿ, ಅದೇ ಶ್ರುತಿಯಲ್ಲಿ ಬರುತ್ತದೆ.

*ಸುಳಿವು 3: ವೇಗ ಹೊಂದುವುದಿಲ್ಲ.* ಗಟ್ಟಿ ಗ್ರಾನೈಟ್ ಬಂಡೆಯಲ್ಲಿ ಕಂಪನದ ಮೊದಲ ಅಲೆ ಸೆಕೆಂಡಿಗೆ 5ರಿಂದ 6 ಕಿಲೋಮೀಟರ್ ಓಡುತ್ತದೆ. ಬಾವಿಯೊಳಗಿನ ನೀರಿನ ಕಂಬದಲ್ಲಿ ಸಾಗುವ ಅಲೆಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗ. ಗೆರೆ ಎಷ್ಟು ಓರೆಯಾಗಿದೆ ಎಂದು ನೋಡಿದರೆ ಅಲೆ ಬಂಡೆಯಲ್ಲಿ ಬಂತೋ, ನೀರಿನಲ್ಲಿ ಬಂತೋ, ಕೇಬಲ್ ಹಿಡಿದು ಬಂತೋ ಎಂದು ತೂಗಿ ನೋಡಬಹುದು.

*ಸುಳಿವು 4: ಬಾವಿಯ ಜಾತಕ.* ಸಿಮೆಂಟು ಎಲ್ಲಿ ಸರಿಯಾಗಿ ಕೂತಿದೆ, ಎಲ್ಲಿ ಟೊಳ್ಳಿದೆ ಎಂದು ಬಾವಿ ಕಟ್ಟುವಾಗಲೇ ಬೇರೆ ಉಪಕರಣದಿಂದ ಪರೀಕ್ಷೆ ಮಾಡಿರುತ್ತಾರೆ. ಸದ್ದು ಕೆಟ್ಟ ಜಾಗ ಮತ್ತು ಸಿಮೆಂಟು ಕೆಟ್ಟ ಜಾಗ ಒಂದೇ ಆಗಿದ್ದರೆ ಅನುಮಾನ ಬಲವಾಗುತ್ತದೆ. ಸಾಧ್ಯವಿದ್ದರೆ ಅದೇ ಆಳಕ್ಕೆ ತೋಳಿರುವ ಜಿಯೋಫೋನ್ ಇಳಿಸಿ ಎರಡರ ದಾಖಲೆಯನ್ನೂ ಹೋಲಿಸುತ್ತಾರೆ.

*ಸುಳಿವು 5: ಸಡಿಲ ಬಿಟ್ಟು ನೋಡುವುದು.* ಇಳಿಬಿಟ್ಟ ಕೇಬಲ್ ಆಗಿದ್ದರೆ ಇನ್ನೂ ಕೆಲವು ಮೀಟರ್ ಕೆಳಗೆ ಬಿಟ್ಟು, ಲಾರಿಯಿಂದ ಮತ್ತೆ ಅದೇ ಕಂಪನ ಕೊಡುತ್ತಾರೆ. ಎಳೆದು ಕಟ್ಟಿದರೆ ಹಿಡಿತ ಹೆಚ್ಚೀತು ಎಂದು ನಮಗೆ ಅನ್ನಿಸುತ್ತದೆ, ಇಲ್ಲಿ ಅದು ಉಲ್ಟಾ. ಬಿಗಿಯಾಗಿ ಎಳೆದ ಕೇಬಲ್ ಗೋಡೆಯಿಂದ ದೂರ ನಿಲ್ಲುತ್ತದೆ. ಸಡಿಲ ಬಿಟ್ಟರೆ ಬಳುಕಿ ಗೋಡೆಗೆ ಒರಗುತ್ತದೆ. ಹೀಗೆ ಮಾಡಿದಾಗ ವಿಚಿತ್ರ ಸದ್ದು ಕಡಿಮೆಯಾದರೆ ಅಥವಾ ಬೇರೆ ಆಳಕ್ಕೆ ಸರಿದರೆ ಅದು ಕೇಬಲ್‌ನದೇ. ಬಂಡೆಯಂತೂ ಎದ್ದು ಬೇರೆ ಕಡೆ ಹೋಗುವುದಿಲ್ಲವಲ್ಲ!

ಬರ್ಲಿನ್ ಬಳಿಯ ಎರಡು ಬಾವಿಗಳು

ಇದೆಲ್ಲ ಪುಸ್ತಕದ ಮಾತಲ್ಲ. ಜರ್ಮನಿಯ ಬರ್ಲಿನ್ ನಗರದ ಉತ್ತರಕ್ಕೆ ಗ್ರೋಸ್ ಶ್ಯೋನೆಬೆಕ್ ಎಂಬ ಊರಿದೆ. ಭೂಮಿಯೊಳಗಿನ ಬಿಸಿಯಿಂದ ಶಕ್ತಿ ಪಡೆಯುವ ಸಂಶೋಧನೆಗೆ ಅಲ್ಲಿ ಸುಮಾರು 4.3 ಕಿಲೋಮೀಟರ್ ಆಳದ ಎರಡು ಬಾವಿಗಳಿವೆ. 2017ರಲ್ಲಿ ಪಾಟ್ಸ್‌ಡಾಮ್‌ನ ಭೂವಿಜ್ಞಾನ ಸಂಶೋಧನಾ ಕೇಂದ್ರದ ತಂಡ ಅವುಗಳಿಗೆ ಫೈಬರ್ ಇರುವ ಕೇಬಲ್ ಇಳಿಬಿಟ್ಟು, ಸುತ್ತಲಿನ 61 ಜಾಗಗಳಿಂದ ನೆಲವನ್ನು ಅದುರಿಸಿ ಅಳತೆ ಮಾಡಿತು. ಇಡೀ ಕೆಲಸ ಮುಗಿದದ್ದು ನಾಲ್ಕೇ ದಿನಗಳಲ್ಲಿ.

ಹೆಚ್ಚಿನ ದಾಖಲೆ ಸ್ವಚ್ಛವಾಗಿಯೇ ಬಂತು. ಆದರೆ ಕೆಲವು ಆಳಗಳಲ್ಲಿ ಮೇಲೆ ಹೇಳಿದ ಅಂಕುಡೊಂಕು ಗೆರೆಗಳು ಎದ್ದು ಕಂಡವು. ಪರಿಶೀಲಿಸಿದಾಗ ಅವು ಕೇಬಲ್‌ಗೆ ಗೋಡೆಯ ಹಿಡಿತ ಸಾಲದ ಭಾಗಗಳಿಗೆ ಹೊಂದಿಕೊಂಡವು. ತಂಡ ಅದನ್ನು ಮುಚ್ಚಿಡಲಿಲ್ಲ, ಆ ಭಾಗಗಳನ್ನು ಸುಮ್ಮನೆ ಕತ್ತರಿಸಿ ಎಸೆಯಲೂ ಇಲ್ಲ. ದಾಖಲಾದ ಸದ್ದನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಅಲೆಗಳಾಗಿ ಬಿಡಿಸಿ, ಕೇಬಲ್‌ನ ಗುನುಗಿಗೆ ಹೋಲುವವನ್ನು ಕಳೆಯುವ ವಿಧಾನ ಬಳಸಿತು. ದೋಷವನ್ನೂ ಅದರ ಪರಿಹಾರವನ್ನೂ ಪ್ರಬಂಧವಾಗಿ ಪ್ರಕಟಿಸಿತು. ಈಗ ಬೇರೆಡೆ ಇಂಥ ಗೆರೆ ಕಂಡವರಿಗೆ ಅದೊಂದು ಕೈಪಿಡಿ.

ಸದ್ದು ಕ್ಷೀಣವಾದರೆಲ್ಲ ಹಿಡಿತದ ದೋಷವೇ?

ಅಲ್ಲ. ಇಲ್ಲಿಯೂ ಅವಸರ ಮಾಡಿದರೆ ಎಡವುತ್ತೇವೆ. ಗಾಜಿನ ಎಳೆ ತನ್ನ ಉದ್ದಕ್ಕೆ ಆಗುವ ಹಿಗ್ಗು ಕುಗ್ಗನ್ನು ಚೆನ್ನಾಗಿ ಹಿಡಿಯುತ್ತದೆ. ಕಂಪನದ ಮೊದಲ ಅಲೆ ನೇರ ಪಕ್ಕದಿಂದ ಬಂದು ಅಡ್ಡಲಾಗಿ ಬಡಿದರೆ ಎಳೆಗೆ ಅದು ಗೊತ್ತೇ ಆಗದಿರಬಹುದು. ಹಿಡಿತ ಗಟ್ಟಿಯಾಗಿದ್ದರೂ ಆಗ ಸದ್ದು ಕ್ಷೀಣ. ಹಾಗೆಯೇ ಮೆದು ಬಂಡೆ ಹೆಚ್ಚು ಹಿಗ್ಗುತ್ತದೆ, ಗಟ್ಟಿ ಬಂಡೆ ಕಡಿಮೆ ಹಿಗ್ಗುತ್ತದೆ. ಆದ್ದರಿಂದ ಬಂಡೆಯ ಬಗೆ ಬದಲಾದ ಕಡೆ ಸದ್ದಿನ ಪ್ರಮಾಣವೂ ಬದಲಾಗುತ್ತದೆ.

ಇನ್ನೊಂದು ಮೋಸವಿದೆ. ಕೆಲವೊಮ್ಮೆ ಎಲ್ಲ ಆಳಗಳಲ್ಲೂ ಒಂದೇ ಕ್ಷಣಕ್ಕೆ ಸದ್ದು ಕಾಣಿಸುತ್ತದೆ. ಬಂಡೆಯ ಯಾವ ಅಲೆಯೂ 4 ಕಿಲೋಮೀಟರನ್ನು ಸೊನ್ನೆ ಸೆಕೆಂಡಿನಲ್ಲಿ ದಾಟಲಾರದು. ಹಾಗೆ ಕಂಡರೆ ತಪ್ಪು ಬಾವಿಯೊಳಗೆ ಇಲ್ಲ, ಮೇಲೆ ಕೂತ ಲೇಸರ್ ಯಂತ್ರಕ್ಕೇ ಏನೋ ತಾಗಿದೆ. ಪಕ್ಕದಲ್ಲಿ ಜನರೇಟರ್ ಓಡುತ್ತಿರಬಹುದು, ಯಾರಾದರೂ ಬಾಗಿಲು ಜೋರಾಗಿ ಹಾಕಿರಬಹುದು.

ಹೀಗಾಗಿ ಒಂದೇ ಸುಳಿವನ್ನು ನಂಬಿ ತೀರ್ಪು ಕೊಡುವುದಿಲ್ಲ. ಎರಡು ಮೂರು ಸುಳಿವುಗಳು ಒಂದೇ ಕಡೆ ಬೆರಳು ತೋರಿಸಬೇಕು.

ಇದರಿಂದ ನಮಗೇನು?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2006ರಲ್ಲಿ ಭೂಮಿಯ ಬಿಸಿಯಿಂದ ಶಕ್ತಿ ಪಡೆಯಲು 5 ಕಿಲೋಮೀಟರ್ ಆಳಕ್ಕೆ ಒತ್ತಡದಲ್ಲಿ ನೀರು ನುಗ್ಗಿಸಿದರು. ಆ ಡಿಸೆಂಬರ್‌ನಲ್ಲಿ 3.4 ತೀವ್ರತೆಯ ಭೂಕಂಪವಾಯಿತು. ಕೊನೆಗೆ ಯೋಜನೆಯನ್ನೇ ಕೈಬಿಡಬೇಕಾಯಿತು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 2017ರ ನವೆಂಬರ್ 15ರಂದು ಸುಮಾರು 5.5 ತೀವ್ರತೆಯ ಭೂಕಂಪ ಹಲವರನ್ನು ಗಾಯಗೊಳಿಸಿತು. ಅಂಥದ್ದೇ ಯೋಜನೆ ಅದಕ್ಕೆ ಕಾರಣವೆಂದು ಸರ್ಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ಹೇಳಿತು.

ಆದ್ದರಿಂದ ಇಂಥ ಕಡೆ ಈಗ ಟ್ರಾಫಿಕ್ ಸಿಗ್ನಲ್ ಮಾದರಿಯ ನಿಯಮ ಇಟ್ಟುಕೊಳ್ಳುತ್ತಾರೆ. ಸಣ್ಣ ಕಂಪನವಾದರೆ ಹಸಿರು, ಕೆಲಸ ಮುಂದುವರಿಯಲಿ. ಸ್ವಲ್ಪ ಹೆಚ್ಚಾದರೆ ಹಳದಿ, ನೀರು ಕಡಿಮೆ ಮಾಡಿ. ಇನ್ನೂ ಹೆಚ್ಚಾದರೆ ಕೆಂಪು, ನಿಲ್ಲಿಸಿ. ಈ ತೀರ್ಮಾನಗಳು ಕಂಪನದ ಅಳತೆಯನ್ನೇ ನೆಚ್ಚಿಕೊಂಡಿವೆ. ಹಿಡಿತ ಸಡಿಲವಾದ ಕೇಬಲ್ ನಿಜವಾದ ಕಂಪನವನ್ನು ಚಿಕ್ಕದಾಗಿ ತೋರಿಸಿದರೆ, ಕೆಂಪು ಬೀಳಬೇಕಾದ ಹೊತ್ತಿನಲ್ಲಿ ಹಸಿರು ಬಿದ್ದೀತು. ಕೇಬಲ್‌ನ ಗುನುಗನ್ನೇ ಭೂಕಂಪ ಎಂದುಕೊಂಡರೆ ಕಾರಣವಿಲ್ಲದೆ ಕೆಲಸ ನಿಂತೀತು, ಊರಿನಲ್ಲಿ ಗಾಬರಿ ಹಬ್ಬೀತು.

ನಮ್ಮ ನೆರೆಯಲ್ಲೂ ಇಂಥ ಬಾವಿಗಳಿವೆ. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್‌ನಲ್ಲಿ 6.3 ತೀವ್ರತೆಯ ಭೂಕಂಪವಾಯಿತು. ಅಲ್ಲಿನ ಜಲಾಶಯಕ್ಕೂ ಭೂಕಂಪಗಳಿಗೂ ಇರುವ ನಂಟನ್ನು ಅರಿಯಲು ಕೊಳವೆಬಾವಿಗಳ ಆಳದಲ್ಲಿ ಕಂಪನಮಾಪಕಗಳನ್ನು ಇಳಿಸಿದ್ದಾರೆ. 2017ರಲ್ಲಿ 3 ಕಿಲೋಮೀಟರ್ ಆಳದ ಬಾವಿಯನ್ನೂ ಕೊರೆದಿದ್ದಾರೆ. ಇಳಿಸುವುದು ಫೈಬರ್ ಆಗಿರಲಿ, ಹಳೆಯ ಮಾದರಿಯ ಮಾಪಕವಾಗಿರಲಿ, ‘ಇದು ಬಂಡೆಯನ್ನು ಗಟ್ಟಿಯಾಗಿ ಹಿಡಿದಿದೆಯೇ?’ ಎಂಬ ಪ್ರಶ್ನೆ ಎಲ್ಲಕ್ಕೂ ಒಂದೇ.

ಇನ್ನೊಂದು ಮಾತು. ಕೇಬಲ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದು ಆಗುತ್ತಿರುವ ಕಂಪನವನ್ನು ಅಳೆಯುತ್ತದೆ. ನಾಳೆ ಇಷ್ಟು ಗಂಟೆಗೆ ಭೂಕಂಪ ಆಗುತ್ತದೆ ಎಂದು ಹೇಳುವ ಉಪಕರಣ ಯಾರ ಬಳಿಯೂ ಇಲ್ಲ. ಹಾಗೆನ್ನುವ ಸಂದೇಶ ಬಂದರೆ ಮುಂದಕ್ಕೆ ಕಳುಹಿಸಬೇಡಿ.

ಫಾರ್ವರ್ಡ್ ಮಾಡುವ ಮುನ್ನ ಕೇಳಬಹುದಾದ ಪ್ರಶ್ನೆಗಳು

‘ಭೂಮಿಯೊಳಗಿನ ನಿಗೂಢ ಸದ್ದು’ ಎಂಬ ಸಂದೇಶ ನಿಮಗೆ ಬಂದರೆ, ಆ ವಿಜ್ಞಾನಿಗಳು ತಮ್ಮ ಕೇಬಲ್‌ಗೆ ಕೇಳುವ ಪ್ರಶ್ನೆಗಳನ್ನೇ ನೀವೂ ಕೇಳಬಹುದು.

• ಇದನ್ನು ದಾಖಲಿಸಿದ ಉಪಕರಣ ಯಾವುದು? ಅಲ್ಲಿನ ಬಿಸಿಯನ್ನು ಅದು ತಡೆದೀತೇ?

• ಅದು ಬಂಡೆಗೆ ತಾಗಿಕೊಂಡಿತ್ತೇ, ಸುಮ್ಮನೆ ತೂಗಾಡುತ್ತಿತ್ತೇ?

• ಪಕ್ಕದಲ್ಲಿದ್ದ ಬೇರೆ ಉಪಕರಣಕ್ಕೂ ಅದೇ ಸದ್ದು ಕೇಳಿಸಿತೇ?

• ಮತ್ತೊಮ್ಮೆ ಅಳೆದಾಗಲೂ ಬಂತೇ?

ಸಂದೇಶದಲ್ಲಿ ಒಂದಕ್ಕೂ ಉತ್ತರ ಇಲ್ಲದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ನರಕದ ಆಡಿಯೋ ಈ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. ಅದನ್ನು ಕಳುಹಿಸಿದ ಗ್ರೂಪಿಗೆ ಬೇಕಾದರೆ ಕರಗಿದ ತಾಮ್ರದ ಲೆಕ್ಕವನ್ನು ಹೇಳಿ: ತಾಮ್ರ ಕರಗುವುದು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ.